ಮಧುಮೇಹವೂ ಮೆಲುನಡಿಗೆಯೂ

ಬೇಸಗೆಯ ಒಂದು ಮುಂಜಾನೆ ಕಲಬುರಗಿಯ ಶರಣಬಸವೇಶ್ವರ ಕೆರೆಯ ದಂಡೆಗೆ ಹೋಗಿ ನಿಂತರೆ ನಡಿಗೆಯಲ್ಲಿ ತೊಡಗಿದ ಹಲವರು ಕಣ್ಣಿಗೆ ಬೀಳುತ್ತಾರೆ. ಕೆಲವರು ತರುಣರು, ಬೆವರು ಸುರಿಯುವಂತೆ ಓಡುವವರು. ಉಳಿದವರು ಐವತ್ತು ದಾಟಿದವರು. ಮಾತಾಡುತ್ತ ಮೆಲ್ಲನೆ ಹೆಜ್ಜೆಯಿಡುವವರು. ಏಕೆ ನಡೆಯುತ್ತೀರಿ ಎಂದು ಈ ಹಿರಿಯರನ್ನು ಕೇಳಿದರೆ ಅನೇಕರಿಂದ ಬರುವ ಉತ್ತರ ಒಂದೇ: "ಶುಗರ್ ಅದ, ಡಾಕ್ಟರು ನಡೀರಿ ಅಂದಾರ." ನಡೆದರೆ ಸಕ್ಕರೆ ಇಳಿಯುವುದು ಹೇಗೆ ಎಂದು ಮತ್ತೆ ಕೇಳಿದರೆ, ಬೆವರಿನೊಡನೆ ಹೊರಟುಹೋಗುತ್ತದೆ ಎನ್ನುವವರೂ ಉಂಟು, ಕೊಬ್ಬು ಕರಗುವುದರಿಂದ ಎನ್ನುವವರೂ ಉಂಟು.

೨೦೨೨ರ ಮಳೆಗಾಲದಲ್ಲಿ ಇದೇ ಪ್ರಶ್ನೆಯನ್ನು ನನ್ನ ತಂದೆ ನನಗೆ ಹಾಕಿದರು. ನಾನು ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುವವನು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ಉತ್ತರ ಕೊಟ್ಟೆ. ಅಂಕಿಗಳಲ್ಲಿ ತಪ್ಪಿರಲಿಲ್ಲ, ಉತ್ತರ ಮಾತ್ರ ತಪ್ಪಾಗಿತ್ತು. ಅದರ ಬೆಲೆಯನ್ನು ತೆತ್ತವರು ಅವರು. ವಿಜ್ಞಾನದ ವಿದ್ಯಾರ್ಥಿಗಳಿಗೆ ಆ ತಪ್ಪಿನ ಕಥೆ ಉಪಯುಕ್ತವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇನೆ.

ಒಂದು ಬಾಳೆಹಣ್ಣಿನ ಲೆಕ್ಕ

ನಮ್ಮ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೩೫ ಕಿಲೋಮೀಟರು ದೂರದಲ್ಲಿದೆ. ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಹಣ್ಣು ಭೌಗೋಳಿಕ ಸೂಚಿಯ ಮನ್ನಣೆ ಪಡೆದದ್ದು. ತಂದೆಯವರು ಅಲ್ಲಿ ಜೋಳ, ತೊಗರಿಗಳ ಒಕ್ಕಲುತನ ಮಾಡಿಕೊಂಡಿದ್ದವರು. ವಯಸ್ಸಾದ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು ಕಲಬುರಗಿಯ ನಮ್ಮ ಮನೆಗೆ ಬಂದರು. ಊಟದ ಕ್ರಮ ಬದಲಾಗಲಿಲ್ಲ. ದುಡಿಮೆ ಮಾತ್ರ ನಿಂತಿತು. ಎರಡು ವರ್ಷಗಳೊಳಗೆ ಮಧುಮೇಹ ಕಾಣಿಸಿಕೊಂಡಿತು. ಮಾತ್ರೆಗಳ ಜೊತೆಗೆ ದಿನಕ್ಕೆ ಅರ್ಧ ಗಂಟೆ ನಡೆಯಬೇಕೆಂದು ವೈದ್ಯರು ಹೇಳಿದರು.

ತಂದೆಯವರಿಗೆ ಇದು ಹಿಡಿಸಲಿಲ್ಲ. "ಅರವತ್ತ ವರ್ಷ ಹೊಲದಾಗ ನಡದೀನಿ. ಈಗ ಕೆಲಸಿಲ್ದ ರಸ್ತೆದಾಗ ತಿರಗಂದ್ರ ಮಂದಿ ನಗತಾರ. ನೀ ಸಾಯನ್ಸ ಓದೀದಿ, ಇದರಿಂದೇನು ಆಗತದ ಹೇಳು" ಎಂದರು.

ನಾನು ಹಾಕಿದ ಲೆಕ್ಕ ಇದು. ೭೦ ಕಿಲೋಗ್ರಾಮು ತೂಕದ ಮನುಷ್ಯ ಸಮತಟ್ಟಾದ ನೆಲದ ಮೇಲೆ ಸಾಧಾರಣ ವೇಗದಲ್ಲಿ ನಡೆದರೆ ನಿಮಿಷಕ್ಕೆ ಹೆಚ್ಚುಕಡಿಮೆ ೪ ಕಿಲೋಕ್ಯಾಲೊರಿ ಶಕ್ತಿ ವೆಚ್ಚವಾಗುತ್ತದೆ. ಅರ್ಧ ಗಂಟೆಗೆ ೧೨೦. ದೊಡ್ಡದೊಂದು ಬಾಳೆಹಣ್ಣಿನಲ್ಲಿರುವ ಶಕ್ತಿಯೂ ಸುಮಾರು ಅಷ್ಟೇ. ದಿನದ ಆಹಾರ ೨,೦೦೦ ಕಿಲೋಕ್ಯಾಲೊರಿ ಎಂದಿಟ್ಟುಕೊಂಡರೆ ನಡಿಗೆಯ ವೆಚ್ಚ ಅದರ ನೂರಕ್ಕೆ ೬ ಭಾಗ ಮಾತ್ರ. "ಒಂದು ಹಣ್ಣು ಬಿಟ್ಟರೆ ನಡೆದಷ್ಟೇ ಆಯಿತು" ಎಂದು ಹೇಳಿಬಿಟ್ಟೆ. ತಂದೆಯವರು ಹಣ್ಣನ್ನು ಬಿಟ್ಟರು, ನಡಿಗೆಯನ್ನು ಹಿಡಿಯಲೇ ಇಲ್ಲ. ಸುಮಾರು ಒಂದು ವರ್ಷ ಹೀಗೆಯೇ ಕಳೆಯಿತು. ರಕ್ತದ ಸಕ್ಕರೆ ಹತೋಟಿಗೆ ಬರಲಿಲ್ಲ. ಪಾದಗಳಲ್ಲಿ ಜೋಮು ತೋರಿತು.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ಮೊದಲು ರೋಗದ ಸ್ವರೂಪವನ್ನು ಸ್ವಲ್ಪ ನೋಡಬೇಕು.

ಮುಚ್ಚಿದ ಬಾಗಿಲು

ನಾವು ತಿಂದ ರೊಟ್ಟಿ, ಅನ್ನಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದು ಉಪಯೋಗಕ್ಕೆ ಬರುವುದು ರಕ್ತದಿಂದ ಜೀವಕಣಗಳ ಒಳಕ್ಕೆ ಹೋದಾಗ ಮಾತ್ರ. ಮಾಂಸಖಂಡದ ಜೀವಕಣದ ಹೊದಿಕೆಯನ್ನು ಗ್ಲೂಕೋಸ್ ತಾನಾಗಿ ದಾಟಲಾರದು. ಅದಕ್ಕೆ ಬಾಗಿಲುಗಳು ಬೇಕು. ಈ ಬಾಗಿಲುಗಳೂ ಒಂದು ಬಗೆಯ ಪ್ರೋಟೀನುಗಳೇ. ೧೯೮೦ರ ದಶಕದ ಕೊನೆಯಲ್ಲಿ ಇವನ್ನು ಗುರುತಿಸಿದ ವಿಜ್ಞಾನಿಗಳು ಗ್ಲುಟ್-೪ ಎಂದು ಹೆಸರಿಟ್ಟರು. ವಿಶ್ರಾಂತಿಯಲ್ಲಿರುವಾಗ ಇವುಗಳಲ್ಲಿ ಬಹುಪಾಲು ಜೀವಕಣದ ಒಳಗೆ ಸಣ್ಣ ಸಣ್ಣ ಕೋಶಿಕೆಗಳಲ್ಲಿ ಅಡಗಿರುತ್ತವೆ. ಊಟವಾದ ಮೇಲೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸುತ್ತದೆ. ಇನ್ಸುಲಿನ್ ಜೀವಕಣದ ಹೊರಮೈಯನ್ನು ತಟ್ಟಿದೊಡನೆ ಒಳಗೆ ಸಂದೇಶಗಳ ಸರಪಳಿಯೊಂದು ಮೊದಲಾಗಿ, ಬಾಗಿಲುಗಳು ಹೊರಮೈಗೆ ಬಂದು ಕೂಡಿಕೊಳ್ಳುತ್ತವೆ. ಆಮೇಲೆ ನಡೆಯುವುದು ಭೌತವಿಜ್ಞಾನದ ವಿದ್ಯಾರ್ಥಿಗೆ ಪರಿಚಿತವಾದ ಕ್ರಿಯೆ: ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ನೀರು ಇಳಿಜಾರಿಗೆ ಹರಿಯುವಂತೆ, ಗ್ಲೂಕೋಸ್ ಒಳಕ್ಕೆ ಹರಿಯುತ್ತದೆ.

ಮಧುಮೇಹದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಇನ್ಸುಲಿನ್ನಿನ ಉತ್ಪತ್ತಿಯೇ ನಿಂತುಹೋಗುತ್ತದೆ. ನಮ್ಮಲ್ಲಿ ಬಹುಸಂಖ್ಯಾತರನ್ನು ಕಾಡುವುದು ಎರಡನೆಯ ಬಗೆ. ಇದರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಜೀವಕಣಗಳು ಅದರ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಗ್ರಂಥಿಯೂ ಕ್ರಮೇಣ ದಣಿಯುತ್ತದೆ. ಬಾಗಿಲುಗಳು ಒಳಗೇ ಉಳಿಯುತ್ತವೆ, ಸಕ್ಕರೆ ಹೊರಗೇ ನಿಲ್ಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ೧೦ ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. ಅದರ ಅಂಚಿನಲ್ಲಿರುವವರು ಇನ್ನೂ ೧೩ ಕೋಟಿಗೆ ಮೀರಿದವರು.

ಕುದುರೆಯ ದವಡೆ ಕಲಿಸಿದ ಪಾಠ

ಇನ್ಸುಲಿನ್ ಟೊರಾಂಟೊ ನಗರದಲ್ಲಿ ಬೆಳಕಿಗೆ ಬಂದದ್ದು ೧೯೨೧ರಲ್ಲಿ. ಅದಕ್ಕೂ ೩೪ ವರ್ಷ ಮುಂಚೆ, ೧೮೮೭ರಲ್ಲಿ, ಫ್ರಾನ್ಸಿನ ಶೋವೊ ಮತ್ತು ಕೌಫ್‌ಮನ್ ಎಂಬ ಶರೀರವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದರು. ಕುದುರೆಯ ಮುಖದ ಮಾಂಸಖಂಡದಿಂದ ಹೊರಬರುವ ಸಿರೆಯ ರಕ್ತವನ್ನು ಪರೀಕ್ಷಿಸಿದರು. ಒಮ್ಮೆ ಕುದುರೆ ಸುಮ್ಮನೆ ನಿಂತಿದ್ದಾಗ, ಇನ್ನೊಮ್ಮೆ ಅದು ಹುಲ್ಲು ಅಗಿಯುತ್ತಿದ್ದಾಗ. ಅಗಿಯುವಾಗ ಆ ಮಾಂಸಖಂಡವು ರಕ್ತದಿಂದ ಬಹಳ ಹೆಚ್ಚು ಗ್ಲೂಕೋಸನ್ನು ಹೀರಿಕೊಳ್ಳುವುದು ಕಂಡುಬಂದಿತು. ಕಣಿಕೆ ಮೇಯುವ ನಮ್ಮ ಎತ್ತಿನ ದವಡೆಯಲ್ಲಿಯೂ ನಡೆಯುವುದು ಇದೇ. ದುಡಿಯುವ ಮಾಂಸಖಂಡ ತನ್ನ ಆಹಾರವನ್ನು ತಾನೇ ಸೆಳೆದುಕೊಳ್ಳುತ್ತದೆ ಎಂಬ ಸುಳಿವು ಅಂದೇ ಸಿಕ್ಕಿತ್ತು. ೧೯೨೬ರಲ್ಲಿ ಲಂಡನ್ನಿನ ವೈದ್ಯ ಲಾರೆನ್ಸ್, ಸ್ವತಃ ಮಧುಮೇಹಿಯಾಗಿದ್ದವನು, ವ್ಯಾಯಾಮದಿಂದ ಇನ್ಸುಲಿನ್ನಿನ ಪ್ರಭಾವ ಹೆಚ್ಚುವುದನ್ನು ತೋರಿಸಿದನು.

ಇದರ ಕಾರಣ ತಿಳಿದದ್ದು ಬಹಳ ತಡವಾಗಿ. ಗ್ಲುಟ್-೪ ಬಾಗಿಲುಗಳನ್ನು ಹೊರಮೈಗೆ ತರುವ ದಾರಿ ಒಂದಲ್ಲ, ಎರಡು. ಒಂದು ಇನ್ಸುಲಿನ್ನಿನದು. ಇನ್ನೊಂದು ಮಾಂಸಖಂಡದ ಸಂಕೋಚನದ್ದು. ಸ್ನಾಯು ಕುಗ್ಗಿ ಹಿಗ್ಗುವಾಗ ಜೀವಕಣದೊಳಗೆ ಬಿಡುಗಡೆಯಾಗುವ ಕ್ಯಾಲ್ಸಿಯಮ್ಮು, ಶಕ್ತಿಯ ದಾಸ್ತಾನು ಕುಗ್ಗಿತೆಂದು ಸಾರುವ ಕಿಣ್ವಗಳು, ಇವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಬಾಗಿಲುಗಳನ್ನು ಹೊರಕ್ಕೆ ಕಳಿಸುತ್ತವೆ. ಎರಡನೆಯ ಬಗೆಯ ಮಧುಮೇಹದಲ್ಲಿ ಕೆಟ್ಟಿರುವುದು ಮೊದಲನೆಯ ದಾರಿ. ಎರಡನೆಯದು ಬಹುಮಟ್ಟಿಗೆ ಸುಸ್ಥಿತಿಯಲ್ಲಿಯೇ ಇರುತ್ತದೆ. ಸೈಕಲ್ ತುಳಿದ ಮಧುಮೇಹಿಗಳ ತೊಡೆಯ ಸ್ನಾಯುವನ್ನು ಪರೀಕ್ಷಿಸಿ ೧೯೯೯ರಲ್ಲಿ ಸಂಶೋಧಕರು ಇದನ್ನು ಪ್ರತ್ಯಕ್ಷ ತೋರಿಸಿದರು. ಮುಂಬಾಗಿಲಿನ ಬೀಗ ತುಕ್ಕು ಹಿಡಿದ ಮನೆಗೆ ಹಿತ್ತಿಲ ಬಾಗಿಲು ತೆರೆದಿದ್ದಂತೆ ಇದು. ತೆರೆಯಲು ಮನೆಯೊಳಗಿನವರೇ ಎದ್ದು ಓಡಾಡಬೇಕು, ಅಷ್ಟೆ.

ಯಾವುದರೊಡನೆ ಹೋಲಿಸಬೇಕು?

ಈಗ ನನ್ನ ಲೆಕ್ಕಕ್ಕೆ ಮರಳೋಣ. ನಡಿಗೆಯ ವೆಚ್ಚವನ್ನು ನಾನು ಇಡೀ ದಿನದ ಆಹಾರದೊಡನೆ ಹೋಲಿಸಿದ್ದೆ. ಆದರೆ ಮಧುಮೇಹಿಗೆ ಅಪಾಯಕಾರಿಯಾದುದು ರಕ್ತದಲ್ಲಿ ತೇಲುತ್ತಿರುವ ಸಕ್ಕರೆ. ಅದು ಎಷ್ಟು? ವಯಸ್ಕನ ಶರೀರದಲ್ಲಿ ರಕ್ತ ಸುಮಾರು ೫ ಲೀಟರು. ಆರೋಗ್ಯವಂತನಲ್ಲಿ ೧೦೦ ಮಿಲಿಲೀಟರು ರಕ್ತಕ್ಕೆ ೧೦೦ ಮಿಲಿಗ್ರಾಮಿನಷ್ಟು ಗ್ಲೂಕೋಸ್. ಗುಣಿಸಿದರೆ ಒಟ್ಟು ೫ ಗ್ರಾಮು. ಚಹಾದ ಒಂದೇ ಒಂದು ಚಮಚ! ಪ್ರಮಾಣ ೨೦೦ಕ್ಕೆ ಏರಿದ ರೋಗಿಯಲ್ಲಿ ಎರಡು ಚಮಚ. ಆರೋಗ್ಯಕ್ಕೂ ರೋಗಕ್ಕೂ ನಡುವೆ ಇರುವ ಅಂತರ ರಕ್ತದ ಮಟ್ಟಿಗೆ ಒಂದು ಚಮಚ ಸಕ್ಕರೆ.

ಹದಿನೈದು ನಿಮಿಷ ನಡೆದಾಗ, ಸುಮ್ಮನೆ ಕುಳಿತಾಗಿನ ವೆಚ್ಚವನ್ನು ಕಳೆದರೂ, ೪೦ ಕಿಲೋಕ್ಯಾಲೊರಿ ಹೆಚ್ಚಾಗಿ ಖರ್ಚಾಗುತ್ತದೆ. ಇದರಲ್ಲಿ ನಾಲ್ಕನೆಯ ಒಂದು ಪಾಲು ಮಾತ್ರ ರಕ್ತದ ಗ್ಲೂಕೋಸಿನಿಂದ ಬಂದಿತೆಂದು ಭಾವಿಸಿದರೆ, ಗ್ರಾಮಿಗೆ ೪ ಕಿಲೋಕ್ಯಾಲೊರಿಯಂತೆ, ಎರಡೂವರೆ ಗ್ರಾಮು ಆಯಿತು; ಅಂದರೆ ಅರ್ಧ ಚಮಚ. ಇದು ಒರಟು ಅಂದಾಜು. ರಕ್ತದ ಹೊರಗಿನ ದ್ರವಗಳಲ್ಲಿಯೂ ಗ್ಲೂಕೋಸ್ ಹರಡಿರುತ್ತದೆ; ಯಕೃತ್ತು ಹೊಸದನ್ನು ಸುರಿಯುತ್ತಲೇ ಇರುತ್ತದೆ. ಆದರೂ ಅಂದಾಜಿನ ತಾತ್ಪರ್ಯ ಸ್ಪಷ್ಟವಾಗಿದೆ. ದಿನದ ಊಟದ ಮುಂದೆ ಅತ್ಯಲ್ಪವಾಗಿ ತೋರಿದ ನಡಿಗೆಯು ರಕ್ತದ ಸಕ್ಕರೆಯ ಮುಂದೆ ಅಲ್ಪವಲ್ಲ. ನಾನು ಅಂಶವನ್ನು ಸರಿಯಾಗಿ ಹಾಕಿ ಛೇದವನ್ನು ತಪ್ಪಾಗಿ ಹಾಕಿದ್ದೆ.

ನಡಿಗೆಯ ಗುಣವು ನಡಿಗೆಯೊಂದಿಗೇ ಮುಗಿಯುವುದೂ ಇಲ್ಲ. ಮಾಂಸಖಂಡವು ತನ್ನ ಸಕ್ಕರೆಯ ದಾಸ್ತಾನನ್ನು ಮತ್ತೆ ತುಂಬಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಇನ್ಸುಲಿನ್ನಿನ ಕರೆಗೆ ಮೊದಲಿಗಿಂತ ಚುರುಕಾಗಿ ಓಗೊಡುತ್ತದೆ. ಈ ಚುರುಕು ಒಂದು ದಿನ, ಕೆಲವೊಮ್ಮೆ ಎರಡು ಮೂರು ದಿನ ಇರುತ್ತದೆ. ಆದುದರಿಂದಲೇ ವಾರಕ್ಕೆ ಒಟ್ಟು ೧೫೦ ನಿಮಿಷವಾದರೂ ವ್ಯಾಯಾಮ ಬೇಕು, ಒಂದರ ಮೇಲೊಂದು ಎರಡು ದಿನಕ್ಕಿಂತ ಹೆಚ್ಚಾಗಿ ತಪ್ಪಿಸಬಾರದು ಎಂದು ತಜ್ಞರು ವಿಧಿಸಿರುವುದು.

ಊಟದ ಮೇಲೆ ಹತ್ತು ನಿಮಿಷ

ನನ್ನ ಲೆಕ್ಕವನ್ನು ಪೂರ್ಣವಾಗಿ ತಲೆಕೆಳಗು ಮಾಡಿದ ಪ್ರಯೋಗವೊಂದು ನ್ಯೂಜಿಲೆಂಡಿನಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾಯಿತು. ಎರಡನೆಯ ಬಗೆಯ ಮಧುಮೇಹವಿರುವ ೪೧ ಮಂದಿ ಅದರಲ್ಲಿ ಭಾಗವಹಿಸಿದರು. ಎರಡು ವಾರ ಅವರು ದಿನಕ್ಕೆ ೩೦ ನಿಮಿಷ ತಮಗೆ ಅನುಕೂಲವಾದ ಯಾವುದೋ ಒಂದು ಹೊತ್ತಿನಲ್ಲಿ ನಡೆದರು. ಇನ್ನೆರಡು ವಾರ ಮೂರು ಮುಖ್ಯ ಊಟಗಳಲ್ಲಿ ಪ್ರತಿಯೊಂದರ ನಂತರ ಹತ್ತು ಹತ್ತು ನಿಮಿಷ ನಡೆದರು. ಒಟ್ಟು ಕಾಲ ಎರಡರಲ್ಲಿಯೂ ಅರ್ಧ ಗಂಟೆಯೇ. ಕ್ಯಾಲೊರಿಯ ಖಾತೆಪುಸ್ತಕಕ್ಕೆ ಎರಡರ ನಡುವೆ ಭೇದ ಕಾಣದು. ಆದರೆ ರಕ್ತಕ್ಕೆ ಕಂಡಿತು. ಊಟದ ನಂತರ ನಡೆದಾಗ, ಊಟದಿಂದ ಏರುವ ಸಕ್ಕರೆ ಸರಾಸರಿ ನೂರಕ್ಕೆ ೧೨ರಷ್ಟು ಕಡಿಮೆಯಾಯಿತು; ರಾತ್ರಿಯ ಊಟದ ನಂತರವಂತೂ ೨೨ರಷ್ಟು. ರಾತ್ರಿಯ ಊಟದಲ್ಲಿಯೇ ಪಿಷ್ಟ ಹೆಚ್ಚು, ಅದಾದ ಮೇಲೆ ಕುಳಿತುಕೊಳ್ಳುವುದೂ ಹೆಚ್ಚು. ಸಕ್ಕರೆ ರಕ್ತಕ್ಕೆ ಬಂದು ಸೇರುತ್ತಿರುವ ಹೊತ್ತಿಗೇ ಹಿತ್ತಿಲ ಬಾಗಿಲು ತೆರೆದರೆ ಲಾಭ ಹೆಚ್ಚೆಂಬುದು ಇದರ ಅರ್ಥ.

ಅದೇ ವರ್ಷ ಆಸ್ಟ್ರೇಲಿಯದಲ್ಲಿ ೨೪ ಮಧುಮೇಹಿಗಳ ಮೇಲೆ ನಡೆದ ಇನ್ನೊಂದು ಪರೀಕ್ಷೆಯ ಫಲ ಹೊರಬಂದಿತು. ದಿನವಿಡೀ ಕುಳಿತಿರುವುದಕ್ಕಿಂತ, ಅರ್ಧ ಗಂಟೆಗೊಮ್ಮೆ ಎದ್ದು ಮೂರೇ ನಿಮಿಷ ಗಂಟೆಗೆ ೩ ಕಿಲೋಮೀಟರಿನ ಮಂದಗತಿಯಲ್ಲಿ ನಡೆದರೂ ಊಟದ ನಂತರದ ಸಕ್ಕರೆ ಗಣನೀಯವಾಗಿ ಇಳಿಯಿತು. ಇದು ಅಂಗಳದಲ್ಲಿ ಅಡ್ಡಾಡುವ ವೇಗ. ಬೇಸಗೆಯಲ್ಲಿ ಶಾಖ ೪೨ ಡಿಗ್ರಿ ದಾಟುವ ಕಲಬುರಗಿಯಲ್ಲಿ ಮಧ್ಯಾಹ್ನದ ಊಟದ ಮೇಲೆ ಹೊರಗೆ ಕಾಲಿಡುವುದು ಬುದ್ಧಿವಂತಿಕೆಯಲ್ಲ. ಆಗ ಪಡಸಾಲೆಯೇ ಮಾರ್ಗವಾಗಬಹುದು. ಮೊಣಕಾಲು ನೋವಿರುವವರಿಗೆ ನಿಂತ ಸೈಕಲ್ಲು, ಕುರ್ಚಿಯಲ್ಲಿ ಕುಳಿತೇ ಕೈಕಾಲು ಆಡಿಸುವುದು ಸಾಧ್ಯ.

ಮೆಲ್ಲಗೆ ಏಕೆ?

ಹೆಚ್ಚು ಬಿರುಸಾದಷ್ಟೂ ಹೆಚ್ಚು ಫಲವಲ್ಲವೆ ಎಂದು ತರುಣ ವಾಚಕರು ಕೇಳಬಹುದು. ನಡಿಗೆ, ಸೈಕಲ್ ಸವಾರಿ, ಈಜು ಮೊದಲಾದ ಹದವಾದ ವ್ಯಾಯಾಮಗಳಲ್ಲಿ ಉಸಿರಿನಿಂದ ಬರುವ ಆಮ್ಲಜನಕವು ಇಂಧನವನ್ನು ಪೂರ್ತಿಯಾಗಿ ದಹಿಸಲು ಸಾಲುತ್ತದೆ. ಬಹಳ ಹೊತ್ತು ಮುಂದುವರಿಸಬಹುದು. ಏದುಸಿರು ಬರುವಂತೆ ಓಡಿದಾಗ ಶರೀರವು ಅದನ್ನು ಆಪತ್ತೆಂದು ಬಗೆದು ಅಡ್ರಿನಲಿನ್ನನ್ನು ಹೊರಡಿಸುತ್ತದೆ. ಅದರ ಪ್ರೇರಣೆಯಿಂದ ಯಕೃತ್ತು ಸಕ್ಕರೆಯನ್ನು ಸುರಿದು, ಸ್ವಲ್ಪ ಕಾಲ ರಕ್ತದ ಪ್ರಮಾಣ ಏರುವುದೂ ಉಂಟು. ಹಿರಿಯರ ಹೃದಯಕ್ಕೂ ಕೀಲುಗಳಿಗೂ ಆ ಶ್ರಮ ಹಿತವಲ್ಲ. ಹದವನ್ನು ತಿಳಿಯಲು ಯಂತ್ರ ಬೇಡ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಅದೇ ಸರಿಯಾದ ವೇಗ. ಅಷ್ಟೂ ಆಗದವರಿಗೆ ಅದಕ್ಕಿಂತ ಮೆಲ್ಲನೆಯ ನಡಿಗೆಯೂ ನಿಷ್ಫಲವಲ್ಲ.

ಎಚ್ಚರಿಕೆಯ ಮಾತು

ಮಧುಮೇಹಕ್ಕೆ ನಡಿಗೆಯನ್ನು ಚಿಕಿತ್ಸೆಯಾಗಿ ಹೇಳಿದವರಲ್ಲಿ ನಮ್ಮ ಸುಶ್ರುತಸಂಹಿತೆ ಬಹು ಪ್ರಾಚೀನವಾದುದು. ಬಡ ರೋಗಿಯು ನೂರು ಯೋಜನ ನಡೆಯಬೇಕೆಂದೂ ಬಾವಿ ತೋಡಬೇಕೆಂದೂ ಅದು ಹೇಳುತ್ತದೆ. ಆದರೆ ಪಾದರಕ್ಷೆಯಿಲ್ಲದೆ ನಡೆಯಬೇಕೆಂದೂ ಹೇಳುತ್ತದೆ. ಮೊದಲನೆಯ ಮಾತನ್ನು ಇಂದಿನ ವಿಜ್ಞಾನ ಎತ್ತಿಹಿಡಿಯುತ್ತದೆ. ಎರಡನೆಯದನ್ನು ಖಂಡಿತವಾಗಿ ನಿಷೇಧಿಸುತ್ತದೆ.

ಇದರ ಕಾರಣ ನಮ್ಮ ಮನೆಯಲ್ಲಿಯೇ ಕಾಣಿಸಿತು. ೨೦೨೩ರ ಬೇಸಗೆಯಲ್ಲಿ ತಂದೆಯವರು ಒಂದು ಮಧ್ಯಾಹ್ನ ಬರಿಗಾಲಿನಲ್ಲಿ ಗುಡಿಯ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಮಾಡಿ ಬಂದರು. ಸಂಜೆ ಪಾದ ತೊಳೆಯುವಾಗ ತಾಯಿ ನೋಡಿದರೆ ಅಂಗಾಲಿನಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಅವರಿಗೆ ಸುಟ್ಟದ್ದೇ ತಿಳಿದಿರಲಿಲ್ಲ. ಬಹುಕಾಲ ಏರಿದ ಸಕ್ಕರೆ ಪಾದದ ನರಗಳನ್ನು ಕೆಡಿಸಿ ನೋವಿನ ಅರಿವನ್ನೇ ಕಳೆದಿತ್ತು. ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಇಂಥ ಗಾಯಗಳು ಕೊಳೆತು ಪಾದವನ್ನೇ ಕತ್ತರಿಸಬೇಕಾಗಿ ಬರುವುದುಂಟೆಂದು ವೈದ್ಯರು ಹೇಳಿದಾಗ ನನ್ನ ಬಾಳೆಹಣ್ಣಿನ ಲೆಕ್ಕ ನೆನಪಾಗಿ ತಲೆ ತಗ್ಗಿಸಿದೆ. ಆಮೇಲೆಯೇ ನಾನು ಈ ವಿಷಯವನ್ನು ಕ್ರಮವಾಗಿ ಓದಿದ್ದು.

ಆದುದರಿಂದ ಮಧುಮೇಹಿಗಳು ಬೆರಳು ಒತ್ತದ ಮೆತ್ತನೆಯ ಪಾದರಕ್ಷೆ, ಹತ್ತಿಯ ಕಾಲುಚೀಲ ಧರಿಸಿಯೇ ನಡೆಯಬೇಕು. ಪ್ರತಿರಾತ್ರಿ ಎರಡೂ ಪಾದಗಳನ್ನು, ಬೆರಳ ಸಂದುಗಳನ್ನು ಕಣ್ಣಿಟ್ಟು ನೋಡಬೇಕು. ಕಣ್ಣು ಮಂಜಾದವರಿಗೆ ಮನೆಯವರು ನೋಡಿಕೊಡಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡಿನಂಥ ಮಾತ್ರೆ ಸೇವಿಸುವವರು ನಡೆಯುವಾಗ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ. ತಣ್ಣನೆಯ ಬೆವರು, ನಡುಕ, ಎದೆಬಡಿತ, ಮಂಕು ಇದರ ಲಕ್ಷಣಗಳು. ಜೇಬಿನಲ್ಲಿ ಮೂರು ಚಮಚದಷ್ಟು ಸಕ್ಕರೆಯ ಪೊಟ್ಟಣ ಇರಲೇಬೇಕು. ಲಕ್ಷಣ ತೋರಿದೊಡನೆ ತಿಂದು ಕುಳಿತುಕೊಳ್ಳಬೇಕು. ಹದಿನೈದು ನಿಮಿಷದಲ್ಲಿ ಚೇತರಿಕೆಯಾಗದಿದ್ದರೆ ಮತ್ತೆ ಅಷ್ಟೇ ತಿನ್ನಬೇಕು. ರಕ್ತದ ಸಕ್ಕರೆ ೩೦೦ ಮಿಲಿಗ್ರಾಮು ಮೀರಿ ಬಳಲಿಕೆಯಿದ್ದರೆ ಆ ದಿನ ವ್ಯಾಯಾಮ ಬೇಡ, ವೈದ್ಯರನ್ನು ಕಾಣಬೇಕು. ಎದೆನೋವು, ಕಾಲಿನಲ್ಲಿ ಹುಣ್ಣು, ಕಣ್ಣಿನೊಳಗೆ ರಕ್ತಸ್ರಾವ ಇರುವವರು ಅವರನ್ನು ಕೇಳದೆ ಆರಂಭಿಸಲೇಬಾರದು. ನಡಿಗೆಯು ಮಾತ್ರೆಗೆ ಜೊತೆಗಾರನೇ ಹೊರತು ಬದಲಿಯಲ್ಲ.

ಒಂದು ವಿನಂತಿ

ವಿದ್ಯಾರ್ಥಿಗಳಿಗೆ ಈ ರೋಗ ದೂರದ್ದೆಂದು ತೋರಬಹುದು. ತಂದೆತಾಯಿಗಳಿಗೆ ಮಧುಮೇಹವಿದ್ದರೆ ಮಕ್ಕಳಿಗೆ ಅದರ ಸಂಭವ ಹೆಚ್ಚು. ಚೆನ್ನೈಯಲ್ಲಿ ಮಧುಮೇಹದ ಅಂಚಿನಲ್ಲಿದ್ದ ೫೩೧ ಮಂದಿಯನ್ನು ಕುರಿತು ನಡೆದು ೨೦೦೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಶೇಷ ಸಲಹೆಯಿಲ್ಲದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ ೫೫ ಮಂದಿಗೆ ರೋಗ ತಗಲಿತು. ಆಹಾರವನ್ನು ಹದಮಾಡಿ ದಿನಕ್ಕೆ ಅರ್ಧ ಗಂಟೆ ನಡೆಯುವಂತೆ ಸಲಹೆ ಪಡೆದವರಲ್ಲಿ ೩೯ ಮಂದಿಗೆ. ಗಮನಿಸಬೇಕಾದ ಸಂಗತಿಯೆಂದರೆ, ಮೊದಲೇ ಮೈಮುರಿದು ದುಡಿಯುತ್ತಿದ್ದವರಿಗೆ ಅಲ್ಲಿ ಹೊಸ ವ್ಯಾಯಾಮವನ್ನು ವಿಧಿಸಲಿಲ್ಲ; ಇದ್ದುದನ್ನೇ ಬಿಡದೆ ನಡೆಸಿರೆಂದರು. ಕಮಲಾಪುರದ ಹೊಲದಲ್ಲಿ ನನ್ನ ತಂದೆಯವರಿಗೆ ನಡಿಗೆಯ ಉಪದೇಶ ಬೇಕಿರಲಿಲ್ಲ. ಕಲಬುರಗಿಯ ಮನೆಯಲ್ಲಿ ಬೇಕಾಗಿತ್ತು.

ಈಗ ಅವರು ರಾತ್ರಿ ರೊಟ್ಟಿ ಉಂಡು ಕೈ ತೊಳೆದೊಡನೆ ಕಾಲುಚೀಲ ಹುಡುಕುತ್ತಾರೆ. ಬೀದಿಯ ಕೊನೆಯ ಬೇವಿನ ಮರದವರೆಗೆ ಹೋಗಿ ಬರುವುದು ಹತ್ತು ನಿಮಿಷದ ದಾರಿ. ನಾನೂ ಜೊತೆಗೆ ಹೋಗುತ್ತೇನೆ. ಕಳೆದುಹೋದ ಸ್ಪರ್ಶಜ್ಞಾನ ಪಾದಕ್ಕೆ ಮರಳಿಲ್ಲ. ಆದರೆ ಸಕ್ಕರೆ ಹತೋಟಿಯಲ್ಲಿದೆ, ಹೊಸ ಗಾಯವಾಗಿಲ್ಲ. ಮಂದಿ ನಕ್ಕಾರೆಂಬ ಅಳುಕು ಅವರಿಗೆ ಈಗ ಇಲ್ಲ, ಒಬ್ಬರೇ ನಡೆಯುತ್ತಿಲ್ಲವಲ್ಲ! ಈ ಲೇಖನವನ್ನು ಓದಿದ ವಿದ್ಯಾರ್ಥಿ ಮಿತ್ರರು ತಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ ಈ ರಾತ್ರಿಯ ಊಟವಾದ ಮೇಲೆ ಅವರ ಪಾದರಕ್ಷೆಯನ್ನು ತಂದು ಮುಂದಿಟ್ಟು, ತಾವೂ ಸಂಗಡ ಹೊರಡಬೇಕೆಂದು ಕೋರುತ್ತೇನೆ.